ಎರಡು ಪತ್ರಿಕೆ, ಒಂದು ತಪ್ಪು

“ಯಾರದ್ದು ನೋಡಿ ಬರೆದೆ?”

ಶಾಂತಕುಮಾರಿ ಟೀಚರ್ ಕೇಳುತ್ತಿರುವುದು ಇದು ಮೂರನೇ ಸಲ. ಮೂರು ಸಲವೂ ಸುಜಾತಾ ಮುಖ್ಯೋಪಾಧ್ಯಾಯ ಕೆಂಪರಾಜರತ್ತ ನೋಡಿದಳು.

ಅವರ ಮೇಜಿನ ಮೇಲೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಎರಡು ಉತ್ತರಪತ್ರಿಕೆ. ಒಂದು ಎ ಸೆಕ್ಷನ್ನಿನ ಸುಮೈರಾಳದು, ಇನ್ನೊಂದು ಸಿ ಸೆಕ್ಷನ್ನಿನ ಸುಜಾತಾಳದು. ಸಾಲಿಗೆ ಸಾಲು ಒಂದೇ. ಪ್ಲಾಸಿ ಕದನ ನಡೆದದ್ದು 1775ರಲ್ಲಿ ಎಂಬ ತಪ್ಪೂ ಒಂದೇ.

ಕದ್ದವರು ಯಾರೆಂದು ಟೀಚರ್‌ಗೆ ಅನುಮಾನವೇ ಇರಲಿಲ್ಲ. ಅಜ್ಜಿ ಕಥೆಯ ಹಂಸ ಹಾಲು ನೀರು ಬೇರೆ ಮಾಡಬೇಕಾದರೆ ಕೊಕ್ಕನ್ನಾದರೂ ಅದ್ದಬೇಕಿತ್ತು. ಈ ಹಂಸಕ್ಕೆ ಅದೂ ಬೇಡ. ಜೂನ್ ತಿಂಗಳಲ್ಲೇ ಮಕ್ಕಳ ಷೂ, ಅಪ್ಪಂದಿರ ಇಂಗ್ಲಿಷು ನೋಡಿ, ಹಾಲನ್ನು ಮಹಡಿಯ ಎ ಸೆಕ್ಷನ್ನಿಗೂ ನೀರನ್ನು ಸಂಪಿನ ಪಕ್ಕದ ಸಿ ಸೆಕ್ಷನ್ನಿಗೂ ಸುರಿದಿದ್ದರು. ಲಿಂಗರಾಜಪುರದ ಆ ಶಾಲೆಯಲ್ಲಿ ಹಾಲು ಈವರೆಗೆ ಫೇಲಾದದ್ದಿಲ್ಲ.

ಪರೀಕ್ಷೆಯ ದಿನ ಟೀಚರ್ ಗಣತಿ ಕೆಲಸಕ್ಕೆಂದು ಟಿನ್ ಫ್ಯಾಕ್ಟರಿ ಕಡೆ ಮನೆ ಮನೆ ಅಲೆಯುತ್ತಿದ್ದರು. ಇಲ್ಲದಿದ್ದರೆ ಅಲ್ಲೇ ಹಿಡಿಯುತ್ತಿದ್ದರಂತೆ.

“ನೋಡಿ ಸರ್, ಸುಮೈರಾ ಅಕ್ಷರ ಮುತ್ತು ಪೋಣಿಸ್ದಂಗಿದೆ. ಇವಳದು ಕೋಳಿ ಕೆದರ್ದಂಗೆ.”

ಇಸವಿಯ ತಪ್ಪಿಗೆ ಸುಮೈರಾಳ ಪತ್ರಿಕೆಯಲ್ಲಿ ‘ಅವಸರ’ ಎಂದು ಬರೆದು ಅರ್ಧ ಅಂಕ ಕಳೆದಿದ್ದರು. ಸುಜಾತಾಳದರಲ್ಲಿ ಸೊನ್ನೆ ಸುತ್ತಿದ್ದರು.

“ಹೋಗ್ಲಿ ಬಿಡಿ ಮೇಡಂ, ದೊಡ್ಡದು ಮಾಡ್ಬೇಡಿ.” ಕೆಂಪರಾಜ್ ಖರ್ಜೂರದ ಡಬ್ಬಿ ಮುಂದೆ ತಳ್ಳಿದರು. “ತಗೊಳ್ಳಿ, ದುಬೈದು. ಸುಮೈರಾ ತಂದೆ ತಂದ್ಕೊಟ್ರು.”

ಟೀಚರ್ ಒಂದನ್ನು ಬಾಯಿಗೆ ಹಾಕಿಕೊಂಡರು. ಖರ್ಜೂರ ಕರಗಿತು, ಅವರು ಕರಗಲಿಲ್ಲ. “ಟಿ.ಸಿ. ಕೊಟ್ಟು ಕಳಿಸ್ಲೇಬೇಕು ಸರ್.”

ಬಾಗಿಲಲ್ಲಿ ನಿಂತಿದ್ದ ಸುಜಾತಾಳ ತಾಯಿ ಸುಭದ್ರಮ್ಮ ಸೆರಗು ಬಿಗಿಹಿಡಿದರು. ಯಾದಗಿರಿ ಕಡೆಯಿಂದ ಬಂದು ದೊಮ್ಮಲೂರಿನಲ್ಲಿ ಗಾರೆ ಕೆಲಸ ಮಾಡುವವರು.

“ಹಂಗನಬ್ಯಾಡ್ರಿ ಅಕ್ಕೋರೆ. ಎಸ್ಸೆಸ್ಸೆಲ್ಸಿಗಿ ಎರಡೇ ತಿಂಗಳ ಅದರಿ. ಆವತ್ತು ಸಂಜಿತನ ಸಾಲ್ಯಾಗ ಕುಂತು ಬರದಾಳ, ಕೈ ಬಾತಿತ್ರಿ.”

“ಮಧ್ಯಾಹ್ನಕ್ಕೆ ಮುಗಿಯೋ ಪೇಪರ್‌ಗೆ ಸಂಜೆವರೆಗೂ ಬೇಕಾಯ್ತಾ? ನೋಡಿದ್ರಾ ಸರ್, ಬುದ್ಧಿ ಎಷ್ಟು ನಿಧಾನ.”

ಕೆಂಪರಾಜ್ ಕಿಟಕಿಯಾಚೆಯ ಹಲಸಿನ ಮರ ನೋಡತೊಡಗಿದರು.

ಟೀಚರ್ ಟಿ.ಸಿ. ಪುಸ್ತಕ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. “ಕೊನೇ ಸಲ ಕೇಳ್ತಿದೀನಿ. ಸುಮೈರಾ ಎಲ್ಲಿ ಕೂತಿದ್ಲು, ನೀನೆಲ್ಲಿ ಕೂತಿದ್ದೆ?”

ಸುಜಾತಾ ಈ ಸಲ ಕೆಂಪರಾಜರತ್ತ ನೋಡಲಿಲ್ಲ.

“ಸುಮೈರಾ ದುಬೈನಲ್ಲಿದ್ಲು ಮಿಸ್. ಬೆಳಿಗ್ಗೆ ನಂದು ಬರ್ದೆ. ಆಮೇಲೆ ಹೆಡ್ ಸರ್ ಇದೇ ಕುರ್ಚಿಲಿ ಕೂರ್ಸಿ, ‘ಸ್ಕೂಲಲ್ಲಿ ಚೆನ್ನಾಗಿ ಬರೆಯೋಳು ನೀನೊಬ್ಳೇ ಕಣಮ್ಮ’ ಅಂತ ಅವಳದ್ದೂ ನನ್ನ ಕೈಲೇ ಬರೆಸಿದ್ರು.”