ವಾರ್ಡನ್ ಜಯಸಿಂಹರ ತಪಾಸಣೆ

“ಮರಳಿನ ಬಕೆಟ್ ಎಲ್ಲಮ್ಮಾ?”

ವಾರ್ಡನ್ ಜಯಸಿಂಹ ಹೊಸ್ತಿಲಾಚೆಯೇ ನಿಂತು ಗದರಿದರು. ತೋಳಿಗೆ ಪಟ್ಟಿ, ಕೈಯಲ್ಲಿ ಟಾರ್ಚು. ಹೊರಗೆ ಕತ್ತಲು ಕವಿಯುತ್ತಿತ್ತು.

“ಇತ್ತು ಸಾರ್. ಬೆಕ್ಕು ಗಲೀಜು ಮಾಡ್ತು ಅಂತ ಮರಳೆಲ್ಲ ಚೆಲ್ಬಿಟ್ಟೆ,” ಎಂದಳು ವೆಂಕಟಲಕ್ಷ್ಮಿ.

“ನಿನ್ನೆ ಮೇಣದಬತ್ತಿ ಇರ್ಲಿಲ್ಲ. ಮೊನ್ನೆ ಹತ್ತಿ ಇರ್ಲಿಲ್ಲ. ಬಾಂಬ್ ಬಿದ್ಮೇಲೆ ಅಂಗಡಿಗೆ ಓಡ್ತೀರಾ?”

“ನಾಳೆ ತಂದಿಡ್ತೀನಿ ಸಾರ್.”

“ನಾಳೆ ಬಂದು ನೋಡ್ತೀನಿ.”

ಪಾಕಿಸ್ತಾನದೊಂದಿಗೆ ಎಪ್ಪತ್ತೊಂದರ ಯುದ್ಧ ಶುರುವಾದಾಗ, ವಿಮಾನ ಕಾರ್ಖಾನೆ ಹತ್ತಿರದಲ್ಲೇ ಇದೆಯೆಂದು ಮಾರತ್ತಹಳ್ಳಿಯವರಿಗೆಲ್ಲ ಹೆದರಿಕೆ ಹತ್ತಿತ್ತು. ಕಿಟಕಿಗೆ ಕಪ್ಪು ಕಾಗದ ಅಂಟಿಸಬೇಕು. ಎರಡು ದಿನಕ್ಕಾಗುವಷ್ಟು ಅವಲಕ್ಕಿ, ಹುರಿಗಡಲೆ, ಕುಡಿಯುವ ನೀರು ಮನೆಯಲ್ಲಿರಬೇಕು. ಹತ್ತಿ, ಟಿಂಚರ್, ಮೇಣದಬತ್ತಿ ಕೈಗೆ ಸಿಗುವಂತಿರಬೇಕು. ಬೆಂಕಿ ಆರಿಸಲು ಮರಳೂ ಬೇಕು. ಮನೆಮನೆಗೆ ಹೋಗಿ ಇದನ್ನೆಲ್ಲ ನೋಡುವ ನಾಗರಿಕ ರಕ್ಷಣೆಯ ವಾರ್ಡನ್ ಕೆಲಸ ಕಾರ್ಖಾನೆಯ ಗುಮಾಸ್ತ ಜಯಸಿಂಹರ ಪಾಲಿಗೆ ಬಂತು. ಮಿಕ್ಕ ಮನೆಗಳಲ್ಲಿ ಒಂದೆರಡು ಸಲಕ್ಕೇ ಎಲ್ಲ ಸರಿಹೋಯಿತು. ವೆಂಕಟಲಕ್ಷ್ಮಿಗೆ ಹೇಳುವುದು ಮಾತ್ರ ಕಲ್ಲಿನ ಮೇಲೆ ನೀರು ಸುರಿದ ಹಾಗೆ. ದಿನಕ್ಕೊಂದು ಕೊರತೆ.

ಜಯಸಿಂಹರೂ ಹಿಡಿದ ಹಟ ಬಿಡುವ ಪೈಕಿಯಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಒಳಗೆ ಬಂದರು. ನೀರಿನ ಹಂಡೆಯ ಮುಚ್ಚಳ ಎತ್ತಿ ನೋಡಿದರು. ಅವಲಕ್ಕಿ ಡಬ್ಬ ಅಲ್ಲಾಡಿಸಿದರು. ಕಿಟಕಿಯ ಕಪ್ಪು ಕಾಗದದ ಮೂಲೆ ಎದ್ದಿತ್ತು. ಗೋಂದು ಕೇಳಿ ತಾವೇ ಅಂಟಿಸಿದರು.

“ಸೈರನ್ ಕೂಗಿದ್ರೆ ಮೊದ್ಲು ಏನ್ಮಾಡ್ತೀರಿ?”

“ದೀಪ ಆರಿಸ್ತೀನಿ.”

“ಆಮೇಲೆ?”

“ಯಾರಾದ್ರೂ ಬರ್ತಾರಾ ಅಂತ ಕಾಯ್ತೀನಿ.”

ವಾರ್ಡನ್ ಟಾರ್ಚು ಪಕ್ಕಕ್ಕಿಟ್ಟು ಕೂತರು. ಕಾಫಿ ಬಂತು. ಜೊತೆಗೆ ಒಂದು ಬಟ್ಟಲು ಎಳ್ಳುಬೆಲ್ಲ.

“ತಗೊಳ್ಳಿ ಸಾರ್. ಇದನ್ನ ತಿಂದಾದ್ರೂ ಒಳ್ಳೆ ಮಾತಾಡಿ.”

ಜಯಸಿಂಹ ನಗಲಿಲ್ಲ. ಬಟ್ಟಲಲ್ಲಿ ಒಂದು ಕಾಳೂ ಉಳಿಸಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಎಳ್ಳುಬೆಲ್ಲ ಕೊಟ್ಟವರಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಆಕೆಯ ಕೈಯಿಂದ ತೆಗೆದುಕೊಂಡವರೂ ಇರಲಿಲ್ಲ. ಮುತ್ತೈದೆಯರು ಎಳ್ಳು ಬೀರುತ್ತ ಬೀದಿಯಲ್ಲಿ ಓಡಾಡುವಾಗ ಆಕೆ ಕಿಟಕಿಯಿಂದ ನೋಡಿದ್ದಷ್ಟೇ.

ಅವರು ಹೋದ ಮೇಲೆ ಬಾಗಿಲು ಹಾಕಿ, ಮಂಚದ ಕೆಳಗಿನಿಂದ ಮರಳಿನ ಬಕೆಟ್ ಎಳೆದು ಮೂಲೆಯಲ್ಲಿಟ್ಟಳು. ನಾಳೆಗೆಂದು ಟಿಂಚರ್ ಸೀಸೆಯನ್ನು ಅಕ್ಕಿ ಡಬ್ಬದಲ್ಲಿ ಹೂತಳು. ಬೇಕಾದ್ದೆಲ್ಲ ಆ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಇಲ್ಲದಿದ್ದದ್ದು ಮಾತಿಗೊಬ್ಬರು. ಎಲ್ಲ ಸರಿಯಿದೆಯೆಂದು ತಿಳಿದ ದಿನ ವಾರ್ಡನ್ ಬರುವುದು ನಿಲ್ಲುತ್ತದೆ. ಕಾರಣವಿಲ್ಲದೆ ಗಂಡಸೊಬ್ಬ ಒಂಟಿ ಹೆಂಗಸಿನ ಬಾಗಿಲು ತಟ್ಟಿದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ತೋಳಿಗೆ ಪಟ್ಟಿ ಕಟ್ಟಿದ ವಾರ್ಡನ್ ಆದರೆ ಮಾತು ಬೇರೆ. ಬಾಂಬಿಗೆ ಆಕೆ ಎಂದೂ ಹೆದರಿರಲಿಲ್ಲ. ಅವರು ಬಾರದ ಸಂಜೆಯನ್ನು ನೆನೆದರೆ ಮಾತ್ರ ನಿಜಕ್ಕೂ ಭಯವಾಗುತ್ತಿತ್ತು.

ಬೀದಿಗಿಳಿದ ಜಯಸಿಂಹರನ್ನು ಎದುರು ಮನೆಯ ಭದ್ರಮ್ಮ ಜಗಲಿಯಲ್ಲಿ ಕೂತೇ ತಡೆದಳು. ಅವಳದು ಊರಿನ ಹಳೇ ಒಕ್ಕಲು ಮನೆತನ. ಅವಳ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಕೋಳಿಯೂ ದಾಟುತ್ತಿರಲಿಲ್ಲ.

“ನಮ್ಮನೆ ನೋಡಾಕಿಲ್ವಾ ಸಾಮಿ?”

“ನಿಮ್ಮನೇಲಿ ಎಲ್ಲಾ ಸರಿಯಿದೆಯಲ್ಲಮ್ಮಾ.”

“ಊ ಸಾಮಿ, ನಮ್ದೆಲ್ಲಾ ಸರ್ಯಾಗೈತೆ.”

ಜಯಸಿಂಹ ತಲೆ ತಗ್ಗಿಸಿ ನಡೆದರು. ಟಾರ್ಚಿನ ಬೆಳಕು ತಿರುವಿನಲ್ಲಿ ಮರೆಯಾಯಿತು. ಭದ್ರಮ್ಮನ ಗಂಡ ಆಂಜಿನಪ್ಪನಿಗೆ ತಡೆಯಲಾಗಲಿಲ್ಲ.

“ಅಲ್ಲ ಕಣೇ, ಯುದ್ಧ ಮುಗ್ದು ತಿಂಗ್ಳಾಯ್ತು. ಊರೋರೆಲ್ಲಾ ಪಟಾಕಿ ಒಡುದ್ರು. ಇವರಿಬ್ಬರ್ಗೂ ಯಾರಾದ್ರೂ ಯೋಳ್ಬಾರ್ದಾ?”

“ಇಬ್ಬರ್ಗೂ ಗೊತ್ತೈತೆ, ಸುಮ್ಕಿರಿ. ನಾಳೆ ಅವರು ಬರೋ ಒತ್ಗೆ ನಮ್ ಜಗ್ಲಿ ಲೈಟ್ ಆರ್ಸ್ಬುಡಿ.”