ನಲವತ್ತು ನಿಮಿಷದ ಗೈರುಹಾಜರಿ

"ಜ್ವರ ಅಂತ ಬರೆದಿದ್ದೀನಿ ಮಾವ. ಸಹಿ ಹಾಕಿ."

ವಜಾ ಆದ ಕೇಸನ್ನು ಮತ್ತೆ ತೆಗೆದುಕೊಳ್ಳಿ ಎಂದು ಕೋರ್ಟಿಗೆ ಬರೆದ ಅರ್ಜಿಯನ್ನು ಗಡಿಯಾರ ರಿಪೇರಿಯವನು ಓದಿದ. ಜೇಬಿನಿಂದ ಪೆನ್ನು ತೆಗೆದು ಜ್ವರ ಎಂಬ ಪದದ ಮೇಲೆ ಅಡ್ಡಗೀಟು ಎಳೆದ.

"ಸುಳ್ಳು ಬೇಡ ಕಣಮ್ಮ."

"ಹಾಗಾದ್ರೆ ನಿಜ ಹೇಳಿ. ಅವತ್ತು ಯಾಕೆ ತಡ ಆಯ್ತು?"

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ತಂಗಿಯ ಮಗಳೂ ಅವನ ವಕೀಲೆಯೂ ಆದ ಅವಳು ನಿಟ್ಟುಸಿರು ಬಿಟ್ಟು, ಕಾರಣವನ್ನು ವಾದಿ ಖುದ್ದಾಗಿ ಹೇಳುತ್ತಾರೆಂದು ತಿದ್ದಿ ಬರೆದಳು. ಅಂದು ತಾನು ಪಕ್ಕದ ಕೋರ್ಟ್ ಹಾಲಿನಲ್ಲಿ ಬೇರೆ ಕೇಸಿಗೆ ಸಿಕ್ಕಿಕೊಂಡಿದ್ದೆನಲ್ಲ ಎಂಬ ಸಂಕಟ ಅವಳಿಗೆ. ಹನ್ನೊಂದಕ್ಕೆ ಬಂದು ಹಾಜರ್ ಎನ್ನುವುದೊಂದೇ ಮಾವನಿಗೆ ವಹಿಸಿದ್ದ ಕೆಲಸ. ಅವನು ಹಾಲಿಗೆ ಕಾಲಿಟ್ಟಾಗ ಗೋಡೆಯ ಗಡಿಯಾರ ಹನ್ನೊಂದು ನಲವತ್ತು ತೋರಿಸುತ್ತಿತ್ತು. ಹೆಸರು ಕೂಗಿ, ಗೈರುಹಾಜರಿ ಬರೆದು, ಕೇಸು ವಜಾ ಮಾಡಿ ಆಗಿತ್ತು. ಅವನು ಗೋಡೆ ನೋಡಿದ, ಮಣಿಕಟ್ಟಿನ ವಾಚು ನೋಡಿಕೊಂಡ, ಅಂಗಿಯ ತೋಳನ್ನು ಕೆಳಗೆಳೆದುಕೊಂಡು ತೆಪ್ಪಗೆ ಮನೆಗೆ ಹೋದ.

ಹೋದದ್ದು ಬರೀ ಕೇಸಲ್ಲ, ಬೆಳಕು. ಪಕ್ಕದ ತಗಡಿನ ಅಂಗಡಿಯವನು ಓಣಿಯ ಮೇಲೆ ತಗಡು ಹೊದೆಸಿದಂದಿನಿಂದ ಇವನ ಕಿಟಕಿಗೆ ಹಗಲೇ ಇಲ್ಲ; ಕೇಸು ಹಾಕಿದ್ದೂ ಅದಕ್ಕೇ. ಎಳ್ಳುಕಾಳಿನಷ್ಟು ತಿರುಪುಗಳನ್ನು ಕೈಯಿಂದ ತಡಕಿ ಹುಡುಕಬೇಕು. ಸಾಲದ್ದಕ್ಕೆ ಸುತ್ತಿಗೆಯ ಸದ್ದು. ರಿಪೇರಿ ಮುಗಿದ ಮೇಲೆ ಮುಳ್ಳನ್ನು ಮುಂದಕ್ಕೆ ತಿರುಗಿಸಿ, ಗಂಟೆ ಹೊಡೆಯುವುದನ್ನು ಕಿವಿಯಾರೆ ಕೇಳಿ, ಆಮೇಲೆ ಸರಿಯಾದ ಹೊತ್ತಿಗೆ ತಂದಿಡುವುದು ಅವನ ಪದ್ಧತಿ. ಅತ್ತ ಸುತ್ತಿಗೆ ಬಿದ್ದರೆ ಇತ್ತ ಗಂಟೆ ಕೇಳದು. ಆಗ ಕೆಲಸ ಅರ್ಧಕ್ಕೆ ಬಿಟ್ಟು ಜಗಳಕ್ಕೆ ಎದ್ದು ಹೋಗುವನು. ಗಿರಾಕಿ ಬಂದರೆ ಹೆಂಡತಿಯೇ ಗಡಿಯಾರವನ್ನು ಇದ್ದ ಹಾಗೇ ಎತ್ತಿ ಕೊಟ್ಟು ಕಳಿಸುವಳು.

ಅರ್ಜಿಯ ವಿಚಾರಣೆಯ ದಿನ ವಕೀಲೆ ಸೊಸೆ ಅವನನ್ನು ಹತ್ತು ಗಂಟೆಗೇ ಎಳೆದುಕೊಂಡು ಬಂದಳು. ತಗಡಿನವನು ಅದಾಗಲೇ ಫ್ಯಾನಿನ ಕೆಳಗೆ ಕೂತಿದ್ದ. ಎಲ್ಲಿಗೆ ಹೋದರೂ ಒಂದು ಗಂಟೆ ಮುಂಚೆ ಹೋಗಿ ಒಳ್ಳೆಯ ಜಾಗ ಹಿಡಿಯುವ ಆಸಾಮಿ. ವಜಾ ಆದ ದಿನವೂ ಅಲ್ಲೇ ಕೂತಿದ್ದ.

ಅಂದೇ ವಜಾ ಆಗಿದ್ದ ಇನ್ನೂ ಐದು ಕೇಸಿನವರು ಸಾಲಾಗಿ ನಿಂತಿದ್ದರು. ಒಬ್ಬನಿಗೆ ಬಸ್ಸು ಕೆಟ್ಟಿತ್ತು, ಒಬ್ಬಳ ಅತ್ತೆ ಜಾರಿಬಿದ್ದಿದ್ದರು, ಮೂವರಿಗೆ ಹೊಟ್ಟೆನೋವು. ಒಬ್ಬರಾದರೂ ನ್ಯಾಯಾಧೀಶರ ಕಣ್ಣಿಗೆ ಕಣ್ಣು ಸೇರಿಸಲಿಲ್ಲ.

"ಒಂದೇ ದಿನ ಆರು ಜನ ಸೋಮಾರಿಗಳು," ಎಂದರು ನ್ಯಾಯಾಧೀಶರು. "ವಜಾ ಮಾಡಿದ್ದೇ ಒಳ್ಳೇದಾಯ್ತು. ಅವತ್ತಿಂದ ನನ್ನ ಕೋರ್ಟಿಗೆ ಒಬ್ಬರೂ ತಡವಾಗಿ ಬಂದಿಲ್ಲ." ಹೆಮ್ಮೆಯಿಂದ ಗೋಡೆಯತ್ತ ಕೈ ತೋರಿಸಿದರು. ಎಲ್ಲರೂ ಅತ್ತ ನೋಡಿದರು. ಗಡಿಯಾರ ರಿಪೇರಿಯವನು ಮಾತ್ರ ತನ್ನ ಚಪ್ಪಲಿ ನೋಡಿಕೊಂಡ.

"ನಿಮ್ಮ ಕಾರಣ ಏನ್ರೀ?"

ಕೋರ್ಟ್ ಹಾಲು ತುಂಬಿತ್ತು. ಅರ್ಧಕ್ಕರ್ಧ ಜನ ಅವನ ಗಿರಾಕಿಗಳೇ. ಹೇಳಿದರೆ ಕಸುಬಿನ ಮಾನ ಹೋಗುತ್ತದೆ, ಹೇಳದಿದ್ದರೆ ಕಿಟಕಿಯ ಬೆಳಕು ಹೋಗುತ್ತದೆ.

"ನಾನೇ ರಿಪೇರಿ ಮಾಡಿದ ಗಡಿಯಾರ ಸ್ವಾಮಿ," ಎಂದ. "ಹೊತ್ತು ತಪ್ಪು ತೋರಿಸಿತು. ಅದರಿಂದಲೇ ಕೇಸು ಹೋಯ್ತು."

ಹಾಲಿಗೆ ಹಾಲೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಪ್ರತಿವಾದಿಯ ತಕರಾರು ಏನಾದರೂ ಇದೆಯೇ ಎಂದು ಕೇಳಿದರು. ಕೊನೆಯ ಉಸಿರಿರುವವರೆಗೂ ಬಿಡುವುದಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ ತಗಡಿನವನು ನಗು ತಡೆಯಲಾರದೆ ಬೆಂಚು ಹಿಡಿದುಕೊಂಡಿದ್ದ.

"ಇಷ್ಟು ಜನರ ಎದುರಿಗೆ ಇವನ ಬಾಯಲ್ಲೇ ಈ ಮಾತು ಕೇಳಿದ್ನಲ್ಲ, ನಂಗೆ ಅಷ್ಟೇ ಸಾಕು ಸ್ವಾಮಿ. ಕೇಸು ನಡೀಲಿ."

ಆರು ಜನರಲ್ಲಿ ನಿಜ ಹೇಳಿದವರು ಇವರೊಬ್ಬರೇ ಎಂದು ಮೆಚ್ಚಿ ನ್ಯಾಯಾಧೀಶರು ಕೇಸನ್ನು ಮತ್ತೆ ಫೈಲಿಗೆ ತೆಗೆದುಕೊಂಡರು. ಅವನು ಕೈಮುಗಿದು ಅಲ್ಲೇ ನಿಂತ.

"ಅವರೈದು ಜನರದ್ದೂ ತಗೊಳ್ಳಿ ಸ್ವಾಮಿ. ದಮ್ಮಯ್ಯ."

ಪರರ ಕೇಸಿಗೆ ಇವನ್ಯಾಕೆ ಅಂಗಲಾಚುತ್ತಾನೋ ಯಾರಿಗೂ ಅರ್ಥವಾಗಲಿಲ್ಲ. ಆದರೆ ನಕ್ಕು ಹಗುರಾಗಿದ್ದ ನ್ಯಾಯಾಧೀಶರು ಆರಕ್ಕೆ ಆರೂ ಅರ್ಜಿಗಳಿಗೆ ಸಹಿ ಹಾಕಿದರು.

ಊಟದ ಬಿಡುವಿಗೆ ಹಾಲು ಖಾಲಿಯಾಯಿತು. ಸೊಸೆ ಖುಷಿಯಿಂದ ಅವನ ಕೈ ಹಿಡಿದೆಳೆದಳು. ಐದು ನಿಮಿಷದ ಕೆಲಸವಿದೆ, ನೀನು ನಡೆ ಎಂದು ಅವಳನ್ನು ಕಳಿಸಿ, ಅವನು ಜವಾನನನ್ನು ಕೇಳಿ ಒಂದು ಏಣಿ ತರಿಸಿದ.

ಏಣಿ ಹತ್ತಿ, ವಜಾ ಆದ ದಿನದ ಹಿಂದಿನ ಸಂಜೆಯಷ್ಟೇ ತನ್ನ ಅಂಗಡಿಯಿಂದ ರಿಪೇರಿಯಾಗಿ ಬಂದಿದ್ದ ಕೋರ್ಟಿನ ಗಡಿಯಾರದ ಮುಳ್ಳನ್ನು ನಲವತ್ತು ನಿಮಿಷ ಹಿಂದಕ್ಕೆ ಇಟ್ಟ.