ಕುರುಗೋಡಿನಲ್ಲೇ ಉಳಿದ ಹಾಕಿ ತಂಡ

ನೀವು ನಂಬುವುದಿಲ್ಲ ಬಿಡಿ, ಆದರೂ ಹೇಳುತ್ತೇನೆ. ಏಟಿಗೆ ಹಚ್ಚುವ ಅರಿಶಿಣ-ಸುಣ್ಣದ ವಾಸನೆ ಬಂದರೆ ಇವತ್ತಿಗೂ ನನ್ನ ಮೊಣಕಾಲು ತಾನಾಗಿಯೇ ಹಿಂದೆ ಸರಿಯುತ್ತದೆ.

ಕುರುಗೋಡಿನ ನಮ್ಮ ಹುಡುಗಿಯರ ಹಾಕಿ ತಂಡವನ್ನು ಇನ್ನು ಮೇಲೆ ಅಲ್ಲೇ ಆಡಿಸಲು ಬಳ್ಳಾರಿಗೆ ಒಯ್ಯುತ್ತೇನೆಂದು ಒಂದು ಮಧ್ಯಾಹ್ನ ಕೋಚ್ ಹೇಳಿದರು. ಬಳ್ಳಾರಿಯಿಂದ ಬಂದು ಆಡುತ್ತಿದ್ದ ಹುಲಿಗೆಮ್ಮ ಕುಣಿದಾಡಿದಳು. ತಂಡದ ನಾಯಕಿ ನಮ್ಮ ಅಕ್ಕ ಮಾತ್ರ ಕೋಲನ್ನು ನೆಲಕ್ಕೆ ಕುಟ್ಟಿದಳು. ಅಷ್ಟು ದೂರ ಮನೆಯಲ್ಲಿ ಕಳಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಮೂರು ಸಲ ಕೋಲಿಗೆ ಕೋಲು ತಾಕಿಸ್ರಿ. ಆಮ್ಯಾಲ ಚೆಂಡು ಯಾರು ಕಸ್ಕಂತಾರ, ಅವ್ರ ಮಾತು ನಡೀತೈತಿ," ಎಂದರು ಕೋಚ್. ನಮ್ಮ ತಂಡದ ಜಗಳಗಳೆಲ್ಲ ಹಾಗೇ ತೀರುತ್ತಿದ್ದವು.

"ಬಸ್ ಹತ್ತಾಕ ಮನ್ಯಾಗ ಕೇಳಾಕಿ, ನೀ ಏನ್ ಕ್ಯಾಪ್ಟನ್ ಲೇ?" ಎಂದು ಹುಲಿಗೆಮ್ಮ ನಕ್ಕಳು.

ಎರಡನೇ ಸಲ ತಾಕಿಸುವಾಗಲೇ ಅಕ್ಕನ ಕೋಲು ಹುಲಿಗೆಮ್ಮನ ಕಾಲಿಗೆ ಬಿತ್ತು. ಆ ಸದ್ದಿಗೆ ಪಕ್ಕದೂರು ಬಾದನಹಟ್ಟಿಯ ಎಮ್ಮೆಗಳೆಲ್ಲ ಹಗ್ಗ ಹರಿದುಕೊಂಡವು. ಅವಳು ಬಿದ್ದಲ್ಲಿಂದಲೇ ಕೋಲು ಬೀಸಿದಳು. ಬಿಡಿಸಲು ಹೋದ ನನ್ನ ಮೊಣಕಾಲಿಗೆ ಒಂದೇಟು, ಅಕ್ಕನ ಬಾಯಿಗೆ ಇನ್ನೊಂದು. ಅಕ್ಕನ ಇಪ್ಪತ್ತು ಹಲ್ಲು ಹಾರಿದವು. ಸರಿ, ಒಂದೇ, ಆದರೆ ಮುಂದಿನದು. ಅವಳು ರಕ್ತ ಉಗುಳುತ್ತ ಚೆಂಡನ್ನು ಕಾಲಡಿ ಒತ್ತಿ ಹಿಡಿದು ಕೂಗಿದಳು: "ಟೀಮು ಇಲ್ಲೇ ಇರತೈತ್ರಿ, ಸಾರ್!"

ಫೌಲ್ ಎನ್ನಲು ಕೋಚಿಗೂ ಧೈರ್ಯ ಬರಲಿಲ್ಲ. "ಆತವ್ವ, ಇಲ್ಲೇ ಇರ್ಲಿ," ಎಂದರು.

ಅಷ್ಟರಲ್ಲಿ ಗದ್ದಲ ಕೇಳಿ ನಮ್ಮವ್ವ ಮೈದಾನದೊಳಗೆ ಬಂದಳು. ಸೆರಗಿನಿಂದ ಅಕ್ಕನ ಬಾಯಿ ಒರೆಸಿದಳು. ಆಮೇಲೆ ಅವಳ ಕೈಯಿಂದ ಕೋಲು ಕಿತ್ತುಕೊಂಡಳು.

"ಟೀಮು ಎಲ್ಲಿಗಾರ ಒಯ್ರಿ, ಸಾರ್. ಇಕಿ ಇನ್ನ ಆಡಂಗಿಲ್ಲ."